ಇಲಿ ಒಂದೇ ಸಲಕ್ಕೆ ಕಲಿಯುವ ಪಾಠ

ಗದ್ದೆಗೆ ಇಲಿ ಪಾಷಾಣ ಇಡುವ ಅನುಭವಿ ರೈತರು ಮೊದಲ ದಿನವೇ ವಿಷ ಬೆರೆಸುವುದಿಲ್ಲ. ಒಂದೆರಡು ದಿನ ಎಣ್ಣೆ ಸವರಿದ ನುಚ್ಚನ್ನೋ ಕಾಳನ್ನೋ ಬಿಲದ ಬಾಯಲ್ಲಿ ಹಾಗೆಯೇ ಇಡುತ್ತಾರೆ. ಇಲಿಗಳು ನಂಬಿ, ಹೊಟ್ಟೆ ತುಂಬ ತಿನ್ನತೊಡಗಿದ ಮೇಲೆ ಜಿಂಕ್ ಫಾಸ್ಫೈಡಿನ ಕಪ್ಪು ಪುಡಿ ಸೇರಿಸುತ್ತಾರೆ. ಅವಸರಪಟ್ಟರೆ ಕೆಲಸ ಕೆಡುತ್ತದೆ. ಹೊಸ ತಿನಿಸನ್ನು ಇಲಿ ಚೂರೇ ಚೂರು ಕಚ್ಚಿ ನೋಡುತ್ತದೆ. ಸಾಯುವಷ್ಟು ವಿಷ ಒಳಗೆ ಹೋಗದೆ ಬರೀ ಹೊಟ್ಟೆ ಕೆಟ್ಟರೆ, ಚೇತರಿಸಿಕೊಂಡ ಇಲಿ ಆ ಕಾಳಿನ ತಂಟೆಗೆ ಮತ್ತೆ ಬರುವುದಿಲ್ಲ.

ರೈತರಿಗೆ ಮಾಮೂಲಿಯಾದ ಈ ಸಂಗತಿ ಇಪ್ಪತ್ತನೆಯ ಶತಮಾನದ ಮನೋವಿಜ್ಞಾನಕ್ಕೆ ಬಹುಕಾಲ ನುಂಗಲಾರದ ತುತ್ತಾಗಿತ್ತು.

ಬಿ.ಎಡ್. ಓದಿದವರಿಗೆಲ್ಲ ಪಾವ್ಲೋವನ ನಾಯಿ ಗೊತ್ತು. ಸದ್ದು ಕೇಳಿಸಿ ಒಡನೆಯೇ ಆಹಾರ ಕೊಡುತ್ತ ಹೋದರೆ, ಕೊನೆಗೆ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ಜೊಲ್ಲು ಬರುತ್ತದೆ. ಇದು ಅನುಬಂಧನ. ಇದರ ಮೇಲೆ ಕಟ್ಟಿದ ಸಿದ್ಧಾಂತ ಮೂರು ಮಾತು ಹೇಳುತ್ತಿತ್ತು: ಎರಡು ಘಟನೆಗಳು ಕೆಲವೇ ಕ್ಷಣಗಳ ಅಂತರದಲ್ಲಿ ನಡೆಯಬೇಕು; ಹಲವು ಸಲ ನಡೆಯಬೇಕು; ಯಾವುದನ್ನು ಯಾವುದರ ಜೊತೆಗೆ ಬೇಕಾದರೂ ಗಂಟು ಹಾಕಬಹುದು. ಗದ್ದೆಯ ಇಲಿ ಈ ಮೂರನ್ನೂ ಮುರಿಯುತ್ತದೆ. ತಿಂದ ಎಷ್ಟೋ ಹೊತ್ತಿನ ಮೇಲೆ ಹೊಟ್ಟೆ ನೋಯುತ್ತದೆ, ಆದರೂ ಒಂದೇ ಸಲಕ್ಕೆ ಪಾಠ ಕಲಿಯುತ್ತದೆ. ನಡುವೆ ನೂರು ಸದ್ದು, ನೂರು ನೋಟ ಹಾದುಹೋಗಿದ್ದರೂ ತಪ್ಪು ಹೊರಿಸುವುದು ಆ ಕಾಳಿನ ಮೇಲೆಯೇ.

ಇದರ ಬೆನ್ನು ಹತ್ತಿದವರು ಅಮೆರಿಕದ ಜಾನ್ ಗಾರ್ಸಿಯಾ. ಸ್ಪೇನಿನಿಂದ ವಲಸೆ ಬಂದು ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿದವರ ಮಗ. ಓದಿಗೆ ಬರುವ ಮೊದಲು ಮೆಕ್ಯಾನಿಕ್ ಆಗಿದ್ದವರು. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನೌಕಾಪಡೆಯ ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ವಿಕಿರಣದ ಪರಿಣಾಮ ನೋಡುತ್ತಿದ್ದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ವಿಕಿರಣದ ಗೂಡಿನಲ್ಲಿ ಇಲಿಗಳು ದಿನದಿಂದ ದಿನಕ್ಕೆ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಿದ್ದವು. ತಮ್ಮ ಗೂಡಿಗೆ ಮರಳಿದರೆ ಕುಡಿಯುತ್ತಿದ್ದವು. ಅಲ್ಲಿ ನೀರಿಟ್ಟದ್ದು ಪ್ಲಾಸ್ಟಿಕ್ ಬಾಟಲಿಯಲ್ಲಿ, ಇಲ್ಲಿ ಗಾಜಿನದರಲ್ಲಿ. ಪ್ಲಾಸ್ಟಿಕ್ಕಿನ ಸಣ್ಣ ರುಚಿಯನ್ನೇ ಇಲಿಗಳು ವಿಕಿರಣದ ವಾಕರಿಕೆಗೆ ಕಾರಣವೆಂದು ಹಿಡಿದಿದ್ದವು. 1955ರಲ್ಲಿ ಗಾರ್ಸಿಯಾ ಮತ್ತು ಸಂಗಡಿಗರು ಸ್ಯಾಕರಿನ್ ಬೆರೆಸಿದ ಸಿಹಿನೀರಿನಿಂದ ಇದನ್ನು ಸಾಬೀತು ಮಾಡಿದರು.

1966ರಲ್ಲಿ ರಾಬರ್ಟ್ ಕೋಲಿಂಗ್ ಜೊತೆ ಅವರು ಪ್ರಕಟಿಸಿದ ಪ್ರಯೋಗ ನನ್ನ ಮಟ್ಟಿಗೆ ಮನೋವಿಜ್ಞಾನದ ಅತ್ಯಂತ ಚೆಲುವಾದ ಪ್ರಯೋಗಗಳಲ್ಲಿ ಒಂದು. ಇಲಿಗಳಿಗೆ ಸಿಹಿನೀರು ಇಟ್ಟರು. ಪ್ರತಿ ಸಲ ನಾಲಿಗೆ ತಾಗಿದಾಗಲೂ ಬೆಳಕು ಮಿನುಗಿ ಟಿಕ್ ಎಂಬ ಸದ್ದಾಗುವಂತೆ ಮಾಡಿದರು. ಹೀಗೆ ರುಚಿ, ಬೆಳಕು, ಸದ್ದು ಮೂರೂ ಒಟ್ಟಿಗೇ ಬಂದವು. ಆಮೇಲೆ ಕೆಲವು ಇಲಿಗಳಿಗೆ ಹೊಟ್ಟೆ ಕೆಡುವಂತೆ ಮಾಡಿದರು, ಉಳಿದವಕ್ಕೆ ಕಾಲಿಗೆ ವಿದ್ಯುತ್ತಿನ ಶಾಕ್ ಕೊಟ್ಟರು. ಕೊನೆಗೆ ರುಚಿಯನ್ನೂ ಬೆಳಕು-ಸದ್ದನ್ನೂ ಬೇರೆ ಮಾಡಿ ಪರೀಕ್ಷಿಸಿದರು. ಹೊಟ್ಟೆ ಕೆಟ್ಟ ಇಲಿಗಳು ಸಿಹಿನೀರನ್ನು ಬಿಟ್ಟವು. ಬೆಳಕು ಮಿನುಗುವ ಸಪ್ಪೆ ನೀರನ್ನು ನಿರಾತಂಕವಾಗಿ ಕುಡಿದವು. ಶಾಕ್ ತಿಂದ ಇಲಿಗಳು ಸರಿಯಾಗಿ ಇದರ ತಿರುಗು ಮುರುಗು. ಹೊಟ್ಟೆನೋವಿಗೆ ರುಚಿ ಕಾರಣ, ಚರ್ಮದ ನೋವಿಗೆ ಹೊರಗಿನ ಬೆಳಕು-ಸದ್ದು ಕಾರಣ ಎಂಬ ಲೆಕ್ಕ ಇಲಿಯ ಮೈಯೊಳಗೆ ಮೊದಲೇ ಇತ್ತು.

ದೊಡ್ಡ ನಿಯತಕಾಲಿಕಗಳು ಗಾರ್ಸಿಯಾ ಅವರ ಇಂಥ ಪ್ರಬಂಧಗಳನ್ನು ತಿರಸ್ಕರಿಸಿದವು. ಸಿದ್ಧಾಂತವನ್ನು ನಂಬಿದವರಿಗೆ ಇಲಿಯನ್ನು ನಂಬುವುದು ಕಷ್ಟವಾಯಿತು. ಆದರೆ ಸಾಕ್ಷ್ಯ ಕೂಡುತ್ತ ಹೋಯಿತು. 1971ರಲ್ಲಿ ಬೇರೊಂದು ತಂಡ ಹುಳಿ ರುಚಿಯ ನೀಲಿ ನೀರನ್ನು ಇಲಿಗೂ ಲಾವಕ್ಕಿಗೂ ಕುಡಿಸಿ ಎರಡಕ್ಕೂ ಹೊಟ್ಟೆ ಕೆಡಿಸಿತು. ಆಮೇಲೆ ಇಲಿ ಹುಳಿಯನ್ನು ದೂರ ಇಟ್ಟಿತು. ಕಣ್ಣಿನಿಂದ ಕಾಳು ಆರಿಸಿ ತಿನ್ನುವ ಲಾವಕ್ಕಿಯಾದರೋ ನೀಲಿ ಬಣ್ಣವನ್ನೂ ಬಲವಾಗಿ ನೆನಪಿಟ್ಟುಕೊಂಡಿತ್ತು. ಯಾವ ಪ್ರಾಣಿ ಯಾವ ಪಾಠವನ್ನು ಸುಲಭವಾಗಿ ಕಲಿಯುತ್ತದೆ ಎಂಬುದು ಅದು ಹೊಟ್ಟೆ ಹೊರೆಯುವ ರೀತಿಗೆ ತಕ್ಕಂತೆ ಇರುತ್ತದೆ. ಇಲಿಗಂತೂ ವಾಂತಿ ಮಾಡುವ ಶಕ್ತಿಯೇ ಇಲ್ಲ. ನುಂಗಿದ್ದನ್ನು ಹೊರಹಾಕಲಾಗದ ಜೀವಕ್ಕೆ ರುಚಿಯ ನೆನಪೇ ರಕ್ಷಣೆ.

ನಮ್ಮೊಳಗೂ ಇದೇ ಏರ್ಪಾಡು ಇದೆ, ಮತ್ತು ಅದು ಬುದ್ಧಿಯ ಮಾತು ಕೇಳುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಮೊದಲು ಹೊಸ ರುಚಿಯ ಐಸ್‌ಕ್ರೀಮ್ ತಿಂದ ಮಕ್ಕಳು ಮುಂದೆ ಆ ಐಸ್‌ಕ್ರೀಮನ್ನು ದೂರ ಮಾಡಿದ್ದನ್ನು 1978ರಲ್ಲಿ ಐಲೀನ್ ಬರ್ನ್‌ಸ್ಟೈನ್ ತೋರಿಸಿದರು. ವಾಂತಿ ಬರಿಸಿದ್ದು ಔಷಧವೆಂದು ಗೊತ್ತಿದ್ದರೂ ನಾಲಿಗೆ ಒಪ್ಪುವುದಿಲ್ಲ. ಇದರಿಂದಲೇ ಒಂದು ಉಪಾಯವೂ ಹೊಳೆಯಿತು: ಊಟಕ್ಕೂ ಚಿಕಿತ್ಸೆಗೂ ನಡುವೆ ಗಾಢ ರುಚಿಯ, ಅಪರೂಪದ ಪೆಪ್ಪರಮೆಂಟು ಕೊಟ್ಟರೆ ಅಪವಾದ ಅದರ ಮೇಲೆ ಬೀಳುತ್ತದೆ, ಮಗುವಿಗೆ ಬೇಕಾದ ಊಟದ ಮೇಲಿನ ಅಸಹ್ಯ ಕಡಿಮೆಯಾಗುತ್ತದೆ.

ಇನ್ನೊಂದು ಉಪಯೋಗ ಆಸ್ಟ್ರೇಲಿಯಾದ್ದು. ಕಬ್ಬಿನ ದುಂಬಿಗಳನ್ನು ತಿನ್ನಲೆಂದು 1935ರಲ್ಲಿ ಅಲ್ಲಿಗೆ ತಂದ ಕೇನ್ ಟೋಡ್ ಎಂಬ ವಿಷದ ಕಪ್ಪೆ ಖಂಡದ ಉತ್ತರ ಭಾಗದ ಉದ್ದಕ್ಕೂ ಹಬ್ಬಿದೆ. ಬಿಳಿ ಚುಕ್ಕೆಗಳ, ಹೊಟ್ಟೆಚೀಲದ ಪುಟ್ಟ ಬೇಟೆಗಾರ ಕ್ವಾಲ್ ಇದನ್ನು ಕಚ್ಚಿದರೆ ಸಾಯುತ್ತದೆ. ಸತ್ತ ಪ್ರಾಣಿ ಏನನ್ನೂ ಕಲಿಯುವುದಿಲ್ಲ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಕೊಲ್ಲುವಷ್ಟು ವಿಷವಿಲ್ಲದ ಸತ್ತ ಕಿರುಗಪ್ಪೆಗಳಿಗೆ ವಾಕರಿಕೆ ಬರಿಸುವ ಥಯಾಬೆಂಡಜೋಲ್ ಸೇರಿಸಿ, ಸಾಕಿ ಬೆಳೆಸಿದ ಕ್ವಾಲ್‌ಗಳಿಗೆ ತಿನ್ನಿಸಿ ಕಾಡಿಗೆ ಬಿಟ್ಟರು. ಪಾಠ ಕಲಿಯದ ಕ್ವಾಲ್‌ಗಳಿಗಿಂತ ಇವು ಹೆಚ್ಚು ದಿನ ಬದುಕಿದವು ಎಂದು ಅವರು 2010ರಲ್ಲಿ ವರದಿ ಮಾಡಿದರು. ಮುಂದೆ, ಕಪ್ಪೆಯ ಮಾಂಸದ ಸಾಸೇಜಿಗೆ ಅದೇ ಔಷಧ ಬೆರೆಸಿ ಕಾಡಿನ ಕ್ವಾಲ್‌ಗಳಿಗೇ ಉಣಿಸುವ ಪ್ರಯೋಗಗಳೂ ನಡೆದಿವೆ.