ಕೆಂಪು ನೆಲದ ನಂಟು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಡುವವರಿಗೆ ಒಂದು ದೃಶ್ಯ ಚಿರಪರಿಚಿತ. ಕೆಡವಿದ ಮನೆಯೊಂದರ ಮುಂದೆ ಇಟ್ಟಿಗೆ, ಗಾರೆ, ಮುರಿದ ಕಿಟಕಿಗಳ ರಾಶಿ. ಅದರ ನಡುವೆ ಅಂಗೈಯಗಲದ ಕೆಂಪು ಚೂರುಗಳು. ಒಡೆದ ಮೇಲೂ ಅವುಗಳ ಮೈ ಹೊಳೆಯುತ್ತಿರುತ್ತದೆ. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಿಂದ ಹಿಡಿದು 1970ರ ದಶಕದ ಜಯನಗರದವರೆಗೆ ಮಧ್ಯಮ ವರ್ಗದ ಮನೆ ಎಂದರೆ ಬಹುಮಟ್ಟಿಗೆ ಕೆಂಪು ನೆಲದ ಮನೆಯೇ ಆಗಿತ್ತು. ಈಗ ಅದು ಲಾರಿಯಲ್ಲಿ ಊರಾಚೆಗೆ ಸಾಗುವ ಕಸ.

ಈ ನೆಲ ಅಂಗಡಿಯಲ್ಲಿ ಸಿಗುವ ಸರಕಲ್ಲ. ಕಾಂಕ್ರೀಟಿನ ತಳ ಹಸಿಯಾಗಿರುವಾಗಲೇ ಅದರ ಮೇಲೆ ಸಿಮೆಂಟು ಹಾಗೂ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿದ ತೆಳುವಾದ ಪದರವನ್ನು ಹರಡಿ, ಉಕ್ಕಿನ ಕರಣೆಯಿಂದ ಮತ್ತೆ ಮತ್ತೆ ಒತ್ತಿ ಉಜ್ಜಬೇಕು. ಅವಸರಪಟ್ಟರೆ ನೀರು ಮೇಲೇಳುತ್ತದೆ. ತಡ ಮಾಡಿದರೆ ಪದರ ಕರಣೆಯ ಮಾತು ಕೇಳುವುದಿಲ್ಲ. ದೊಡ್ಡ ಹಜಾರವಾದರೆ ನಡುವೆ ಗಾಜಿನ ಪಟ್ಟಿಗಳನ್ನಿಟ್ಟು ಅಂಕಣಗಳಾಗಿ ವಿಂಗಡಿಸುವ ರೂಢಿಯೂ ಇತ್ತು. ಬಿರುಕು ಬಿಟ್ಟರೂ ಅದು ಆ ಅಂಕಣದಲ್ಲೇ ನಿಲ್ಲಲಿ ಎಂಬ ಮುಂಜಾಗ್ರತೆ. ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಿ ಹದ ಮಾಡಬೇಕು. ಒಣಗಿದ ಬಳಿಕ ಕೊಬ್ಬರಿ ಎಣ್ಣೆಯನ್ನೋ ಮೇಣವನ್ನೋ ತಿಕ್ಕಬೇಕು. ಮಿಕ್ಕ ಹೊಳಪನ್ನು ಕೊಡುವುದು ಮನೆಮಂದಿಯ ಬರಿಗಾಲು ಮತ್ತು ದಿನನಿತ್ಯದ ಒರೆಸುವ ಬಟ್ಟೆ. ಗೇಟಿನ ಮೇಲೆ ಕಂಡರೆ ನಾವು ಕಂಗಾಲಾಗುವ ತುಕ್ಕಿನ ಹತ್ತಿರದ ಸಂಬಂಧಿಯೇ ಈ ಕೆಂಪು ಎಂಬುದು ತಮಾಷೆಯ ಸಂಗತಿ.

ಇದು ಏಕೆ ಮರೆಯಾಯಿತು? ಮೊದಲು ಮೊಸಾಯಿಕ್ ಬಂತು, ಬಳಿಕ ಗ್ರಾನೈಟ್, ಅನಂತರ ವಿಟ್ರಿಫೈಡ್ ಟೈಲ್ಸ್. ಗುಜರಾತಿನ ಮೋರ್ಬಿಯ ಕುಲುಮೆಗಳಲ್ಲಿ ಸುಮಾರು 1200 ಡಿಗ್ರಿ ಶಾಖದಲ್ಲಿ ಬೆಂದು ಬರುವ ಆ ಹಾಸುಬಿಲ್ಲೆಗಳು ನೀರು ಕುಡಿಯುವುದು ಅರ್ಧ ಶೇಕಡಕ್ಕೂ ಕಡಿಮೆ. ಕಲೆಯಾಗುವುದಿಲ್ಲ, ನಾಲ್ಕು ದಿನದಲ್ಲಿ ಕೆಲಸ ಮುಗಿಯುತ್ತದೆ. ಅವುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಒದ್ದೆಯಾದರೆ ಕೆಂಪು ನೆಲವೂ ಜಾರುತ್ತದೆ. ನನ್ನ ವಯಸ್ಸಿನವರಿಗೆ ಅದು ಸಣ್ಣ ವಿಷಯವಲ್ಲ. ನಿಜವಾದ ಕಾರಣವನ್ನು ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿಯೇ ಬೇರೊಂದು ಸಂದರ್ಭದಲ್ಲಿ ವಿವರಿಸಿದ್ದರು. ಅವರು ಬರೆದದ್ದು ಸಂಗೀತ, ನಾಟಕಗಳ ಬಗ್ಗೆ. ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬನ ಉತ್ಪಾದನೆ ಹೆಚ್ಚುತ್ತದೆ. ಆದರೆ ನಾಲ್ವರು ನುಡಿಸಬೇಕಾದ ವಾದ್ಯಗೋಷ್ಠಿಗೆ ಇಂದಿಗೂ ನಾಲ್ವರೇ ಬೇಕು, ಅಷ್ಟೇ ಹೊತ್ತು ಬೇಕು. ಕೂಲಿ ಮಾತ್ರ ಎಲ್ಲರಿಗೂ ಏರುತ್ತದೆ. ಹೀಗಾಗಿ ಕೈಯ ಕೆಲಸ ದುಬಾರಿಯಾಗುತ್ತಲೇ ಹೋಗುತ್ತದೆ. ನೆಲ ತಿಕ್ಕುವ ಮೇಸ್ತ್ರಿಗೂ ವಾದ್ಯಗಾರನಿಗೂ ಈ ವಿಷಯದಲ್ಲಿ ವ್ಯತ್ಯಾಸವೇ ಇಲ್ಲ.

ನಮ್ಮ ತಂದೆ 1974ರಲ್ಲಿ ಕಟ್ಟಿಸಿದ ಮನೆಯ ಹಜಾರದಲ್ಲಿ ಕೆಲವು ವರ್ಷಗಳ ಹಿಂದೆ ಗೋಡೆಯಿಂದ ಗೋಡೆಗೆ ಒಂದು ಬಿರುಕು ಬಿತ್ತು. ಬಂದು ನೋಡಿದ ಗುತ್ತಿಗೆದಾರರು ಮೂವರೂ ಒಂದೇ ಸಲಹೆ ಕೊಟ್ಟರು: ಒಡೆದು ಟೈಲ್ಸ್ ಹಾಕಿಸಿ. ಮಕ್ಕಳ ಅಭಿಪ್ರಾಯವೂ ಅದೇ. ನನ್ನ ಪತ್ನಿ ಮಾತ್ರ, 'ಬಿರುಕನ್ನಷ್ಟೇ ಸರಿಮಾಡುವವರು ಯಾರೂ ಇಲ್ಲವೇ?' ಎಂದು ಕೇಳಿದಳು. ಆ ಪ್ರಶ್ನೆಯ ಬೆನ್ನುಹತ್ತಿ ಹೋದಾಗ ನನಗೆ ಪರಿಚಯವಾದದ್ದು ಹಳೆಯ ಮನೆಗಳ ಹುಚ್ಚು ಹಿಡಿದವರ ಒಂದು ವಿಚಿತ್ರ ಬಳಗ. ಅದರಲ್ಲಿ ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಯಿದ್ದಾರೆ, ಉಡುಪಿಯ ಕಡೆಯ ಶಾಲಾ ಶಿಕ್ಷಕಿಯಿದ್ದಾರೆ, ವೈಟ್‌ಫೀಲ್ಡಿನಲ್ಲಿ ಬಾಡಿಗೆಗಿದ್ದುಕೊಂಡು ಹಾಸನದ ಅಜ್ಜನ ಮನೆಗೆ ಬಣ್ಣ ಆರಿಸುವ ಸಾಫ್ಟ್‌ವೇರ್ ಹುಡುಗನಿದ್ದಾನೆ. ಬಹುತೇಕರು ಒಬ್ಬರನ್ನೊಬ್ಬರು ಮುಖತಃ ಕಂಡವರೇ ಅಲ್ಲ. ನೆಲ, ಬಾಗಿಲು, ಹೆಂಚು, ಕಂಬಗಳ ಛಾಯಾಚಿತ್ರಗಳೇ ಅವರ ನಡುವಿನ ಕುಶಲೋಪರಿ.

ಬಿರುಕಿನ ಚಿತ್ರ ಕಳುಹಿಸಿದ ದಿನವೇ ಸಂಜೆಯೊಳಗೆ ಏಳು ಜನ ಉತ್ತರಿಸಿದರು. ಯಾರೂ ಮೊದಲಿಗೆ ಉಪದೇಶ ಕೊಡಲಿಲ್ಲ, ಪ್ರಶ್ನೆ ಕೇಳಿದರು. ಬಿರುಕು ಮಳೆಗಾಲದಲ್ಲಿ ಅಗಲವಾಗುತ್ತದೆಯೇ? ತಟ್ಟಿದರೆ ಪೊಳ್ಳು ಸದ್ದು ಬರುತ್ತದೆಯೇ? ಕೆಳಗೆ ತಳಪಾಯ ಕುಸಿದಿದ್ದರೆ ಮೇಲಿನ ಪದರಕ್ಕೆ ಎಷ್ಟು ಉಪಚಾರ ಮಾಡಿದರೂ ವ್ಯರ್ಥ ಎಂಬುದು ಅವುಗಳ ಹಿಂದಿನ ಕಾಳಜಿ. ತೇಪೆಯ ಬಣ್ಣ ಹೊಂದಿಸುವುದೇ ಕಠಿಣ, ಹಸಿಯಿದ್ದಾಗ ಕಂಡ ಬಣ್ಣವನ್ನು ನಂಬಬೇಡಿ, ಕಲ್ಲಿನ ಮೇಲೆ ನಾಲ್ಕಾರು ಮಾದರಿ ಮಾಡಿ ಒಣಗಿಸಿ ನೆಲದ ಪಕ್ಕದಲ್ಲಿಟ್ಟು ನೋಡಿ ಎಂದು ಶಿಕ್ಷಕಿ ದೀರ್ಘವಾಗಿ ಬರೆದರು. ಐವತ್ತು ವರ್ಷ ತುಳಿದ ಕೆಂಪಿಗೆ ಕಪ್ಪು ಆಕ್ಸೈಡನ್ನು ಚಿಟಿಕೆಯಷ್ಟು ಸೇರಿಸಿದರೆ ಹತ್ತಿರ ಬಂದೀತು ಎಂದವರು ಮೈಸೂರಿನವರು. ಅಷ್ಟಕ್ಕೇ ನಿಲ್ಲದೆ, ತಮ್ಮಲ್ಲಿ ಉಳಿದಿದ್ದ ಪುಡಿಯ ಪೊಟ್ಟಣವನ್ನು ಬಸ್ಸಿನಲ್ಲಿ ಕಳುಹಿಸಿಕೊಟ್ಟರು. ದುಡ್ಡು ಎಷ್ಟೆಂದು ಕೇಳಿದ್ದಕ್ಕೆ, ಕೆಲಸವಾದ ಮೇಲೆ ನೆಲದ ಚಿತ್ರ ಕಳುಹಿಸಿ ಎಂಬುದಷ್ಟೇ ಉತ್ತರ.

ಇನ್ನೂ ಸೂಕ್ಷ್ಮವಾದದ್ದೊಂದನ್ನು ಅಲ್ಲಿ ಗಮನಿಸಿದೆ. ಒಬ್ಬ ಗೃಹಿಣಿ ತಮ್ಮ ಊಟದ ಮನೆಯ ಗೋಡೆಗೆ ಗಿಳಿಹಸಿರು ಬಳಿಸಿ, ಕೆಂಪು ನೆಲದೊಂದಿಗೆ ಅದು ಕಣ್ಣಿಗೆ ಹೊಡೆಯುತ್ತಿದೆ ಎಂದು ಸಪ್ಪೆಯಾಗಿ ಬರೆದಿದ್ದರು. ಮನೆಯವರು ಗೇಲಿ ಮಾಡಿದ್ದರೆಂಬುದು ಸಾಲುಗಳ ನಡುವೆ ಕಾಣುತ್ತಿತ್ತು. ಬಳಗದವರಿಗೂ ಆ ಬಣ್ಣ ಹಿಡಿಸಿರಲಿಕ್ಕಿಲ್ಲ. ಆದರೂ ಮೊದಲ ಪ್ರತಿಕ್ರಿಯೆ, ಕಿಟಕಿ ಯಾವ ದಿಕ್ಕಿಗಿದೆ ಎಂಬ ಪ್ರಶ್ನೆ. ಎರಡನೆಯದು, ಸೊಂಟದೆತ್ತರಕ್ಕೆ ಸುಣ್ಣದ ಬಿಳಿ ಬಳಿದು ಮೇಲಿನ ಹಸಿರನ್ನು ಉಳಿಸಿಕೊಂಡು ನೋಡಬಹುದಲ್ಲ ಎಂಬ ಸಲಹೆ. ಆಕೆಯ ಆಯ್ಕೆ ಆಕೆಯದಾಗಿಯೇ ಉಳಿಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸಭೆಗಳಲ್ಲಿ ಕುಳಿತ ನಾನು ಭಿನ್ನಾಭಿಪ್ರಾಯವನ್ನು ಇಷ್ಟು ಮೃದುವಾಗಿ ಮಂಡಿಸಿದ್ದನ್ನು ಕಂಡದ್ದು ಅಪರೂಪ.

ಈ ಬಗೆಯ ಕೊಡುಕೊಳೆ ನಮಗೆ ಹೊಸದೇನೂ ಅಲ್ಲ. ಮಲೆನಾಡಿನ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆ ಬರೆಯುವ ಕಾಲಕ್ಕೆ ಕೈಹದವಿರುವ ಹೆಂಗಸರು ಬೇರೆ ಮನೆಗಳಿಗೂ ಹೋಗಿ ಚಿತ್ತಾರ ಬರೆದುಕೊಡುತ್ತಿದ್ದರು. ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ. ಅಲ್ಲಿ ಗೋಡೆಯ ಅಲಂಕಾರವೆಂದರೆ ಒಬ್ಬರ ಅಭಿರುಚಿಯ ಪ್ರದರ್ಶನಕ್ಕಿಂತ ಹೆಚ್ಚಾಗಿ ನೆರೆಹೊರೆಯ ಕೆಲಸ. ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ 1970ರಲ್ಲಿ ರಕ್ತದಾನದ ಕುರಿತು ಬರೆದ ಪುಸ್ತಕದಲ್ಲಿ, ದಾನವಾಗಿ ಬರುವುದಕ್ಕೆ ಬೆಲೆ ಕಟ್ಟಿದರೆ ದಾನದ ಪ್ರವೃತ್ತಿಯೇ ಬತ್ತೀತು ಎಂದು ವಾದಿಸಿದ್ದರು. 1972ರಲ್ಲಿ, ನೊಬೆಲ್ ಪುರಸ್ಕಾರ ಪಡೆದ ವರ್ಷವೇ, ಕೆನೆತ್ ಆರೋ ಅದನ್ನು ಪ್ರಶ್ನಿಸಿದರು: ಮಾರುಕಟ್ಟೆ ಇದ್ದಮಾತ್ರಕ್ಕೆ ದಾನ ಏಕೆ ಕುಗ್ಗಬೇಕು? ವಿದ್ಯಾರ್ಥಿಯಾಗಿದ್ದಾಗ ನಾನು ಆರೋ ಪಕ್ಷ. ಈಗ, ಆಕ್ಸೈಡ್ ಪುಡಿಯ ಪೊಟ್ಟಣ ಬಂದ ಮೇಲೆ, ತಕ್ಕಡಿ ಕೊಂಚ ಟಿಟ್ಮಸ್ ಕಡೆಗೆ ವಾಲಿದೆ.

ಆದರೆ ಈ ಸೌಜನ್ಯಕ್ಕೂ ಒಂದು ಗಡಿಯಿದೆ. ಅದು ಗೋಚರಿಸಿದ್ದು ಮೇಸ್ತ್ರಿಯನ್ನು ಹುಡುಕುವಾಗ. ಕೋಲಾರದ ಕಡೆಯ, ಅರವತ್ತೆಂಟು ವರ್ಷದ ಹಿರಿಯರೊಬ್ಬರ ದೂರವಾಣಿ ಸಂಖ್ಯೆಯನ್ನು ಬಳಗದವರು ಬಹಳ ಪ್ರೀತಿಯಿಂದ ಕೊಟ್ಟರು. ಜೊತೆಗೊಂದು ಕಿವಿಮಾತು: 'ಮೊದಲು ಜಾಸ್ತಿ ಹೇಳುತ್ತಾರೆ, ಎಳೆದರೆ ಇಳಿಯುತ್ತಾರೆ.' ತಮ್ಮತಮ್ಮಲ್ಲಿ ಪುಡಿಯನ್ನೂ ಜ್ಞಾನವನ್ನೂ ಲೆಕ್ಕವಿಡದೆ ಹಂಚುವ ಜನ, ಆ ಜ್ಞಾನದ ಮೂಲಪುರುಷನ ದಿನಗೂಲಿಯಲ್ಲಿ ಇನ್ನೂರು ರೂಪಾಯಿ ಉಳಿಸಿದ್ದನ್ನು ಜಾಣತನವೆಂದು ದಾಟಿಸುತ್ತಿದ್ದರು. ಶಿಕ್ಷಕಿಯ ಆ ದೀರ್ಘ ಪತ್ರದ ಬಹುಪಾಲು ಸಂಗತಿ ಈ ಮೇಸ್ತ್ರಿಯಿಂದಲೇ ಕಲಿತದ್ದೆಂದು ನನಗೆ ತಿಳಿದದ್ದು ಆಮೇಲೆ.

ಮೇಸ್ತ್ರಿಯವರು ಬಂದರು. ಬಿರುಕಿನುದ್ದಕ್ಕೂ ತಟ್ಟುತ್ತಾ ನಡೆದು, ಒಡೆಯಬೇಕಾದ್ದು ಎರಡೇ ಅಡಿ ಎಂದರು. ಮೊಣಕಾಲ ಕೆಳಗೆ ಗೋಣಿಚೀಲ ಮಡಿಸಿಟ್ಟುಕೊಂಡು ಮಧ್ಯಾಹ್ನದಿಂದ ರಾತ್ರಿ ಹತ್ತರವರೆಗೆ ಕರಣೆ ಆಡಿಸಿದರು. ಲೋಕೋಪಯೋಗಿ ಕಾಮಗಾರಿಗಳ ದರಪಟ್ಟಿಯಲ್ಲಿ ಕೆಲಸ ಅಳೆಯುವುದು ಚದರ ಮೀಟರಿನಲ್ಲಿ. ಸುಮ್ಮನೆ ಕುಳಿತು ಪದರ ಬಿಗಿಯಾಗಲೆಂದು ಕಾಯುವ ಆ ಮುಕ್ಕಾಲು ಗಂಟೆಗೆ ಅಲ್ಲಿ ಕಲಮು ಇಲ್ಲ. ಮಗ ಈ ಕೆಲಸ ಕಲಿಯಲಿಲ್ಲವೇ ಎಂದು ಕೇಳಿದೆ. 'ಅವನು ಬೈಕಲ್ಲಿ ಊಟ ತಲುಪಿಸ್ತಾನೆ ಸಾರ್. ಅಲ್ಲಿ ಯಾರೂ ರೇಟು ಎಳೆಯಲ್ಲ' ಎಂದರು. ಅಲ್ಲಿಯ ದರವನ್ನು ಬೇರೆ ಯಾರೋ ಆಗಲೇ ಇಳಿಸಿಟ್ಟಿರುತ್ತಾರೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಹಳೆಯದರ ಮೇಲಿನ ಮೋಹಕ್ಕೆ ಇಂಥ ಕುರುಡು ಇನ್ನೂ ಇದೆ. ಕಾರೈಕುಡಿಯ ಹಳೆಯ ಸಾಮಾನಿನ ಅಂಗಡಿಗಳಿಂದ ಬಂದ ಚೆಟ್ಟಿನಾಡಿನ ಕಂಬ ಬೆಂಗಳೂರಿನ ಫ್ಲಾಟಿನಲ್ಲಿ ದೀಪದ ಕೆಳಗೆ ನಿಲ್ಲುತ್ತದೆ; ಅದನ್ನು ಹೊತ್ತಿದ್ದ ಮನೆಯ ಗತಿಯೇನಾಯಿತೆಂದು ಕೇಳುವವರು ಕಡಿಮೆ. ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಕೂಡ ಕೆಡವಿದ ಮನೆಗಳ ಬಾಗಿಲು, ಕಿಟಕಿಗಳನ್ನು ಹೊಸ ಕಟ್ಟಡಗಳಿಗೆ ಬಳಸುತ್ತಿದ್ದರು. ಅವರಿಗದು ಖರ್ಚು ಉಳಿಸುವ ದಾರಿ. ಉಳಿದ ಹಣ ಕೆಲಸಗಾರನ ಕೈಸೇರಲಿ ಎಂಬ ನಿಲುವೂ ಅದರಲ್ಲಿತ್ತು.

ನೆಲದ ಚಿತ್ರದ ಜೊತೆಗೆ ನಾನು ಮೇಸ್ತ್ರಿಯವರು ಕೇಳಿದ ಕೂಲಿಯನ್ನೂ, ಅದನ್ನೇ ಕೊಟ್ಟೆನೆಂಬುದನ್ನೂ ಬಳಗಕ್ಕೆ ಬರೆದೆ. ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೆಯ ದಿನ ಶಿಕ್ಷಕಿ, ಮುಂದೆ ಅವರ ಸಂಖ್ಯೆ ಕೊಡುವಾಗ ಕೂಲಿಯನ್ನೂ ಸೇರಿಸಿಯೇ ಕೊಡೋಣ ಎಂದರು. ಹಾಸನದ ಹುಡುಗ ರಜೆ ಹಾಕಿ ಒಂದು ವಾರ ಅವರೊಡನೆ ಕೆಲಸಕ್ಕೆ ಕುಳಿತು ಕಲಿಯುವುದಾಗಿ ತಿಳಿಸಿದ. ಮೇಸ್ತ್ರಿಯವರ ಮುಂದಿನ ಕೆಲಸ ಮೈಸೂರಿನಲ್ಲಿ. ಬಸ್ ಚಾರ್ಜು, ಊಟ, ಎರಡು ದಿನದ ಮುಂಗಡ, ಮೂರೂ ಈಗಾಗಲೇ ಮಾತಾಗಿವೆ.