ಬಣ್ಣದ ಕೆಳಗಿನ ಪದರ

ಗೃಹಪ್ರವೇಶ ಮುಗಿದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಲವು ಹೊಸ ಗೋಡೆಗಳ ಬಣ್ಣ ಹಪ್ಪಳದಂತೆ ಉಬ್ಬುತ್ತದೆ. ಕೆರೆದರೆ ಚಕ್ಕೆ ಏಳುತ್ತದೆ. ಚಕ್ಕೆಯ ಬೆನ್ನಿಗೆ ಬಿಳಿ ಪುಡಿ ಮೆತ್ತಿಕೊಂಡಿರುತ್ತದೆ. ಮನೆಯವರು ಬಣ್ಣವನ್ನು ಬೈಯುತ್ತಾರೆ. ಆದರೆ ಬಣ್ಣ ಅಂಟಿದ್ದು ಗೋಡೆಗಲ್ಲ, ಗೋಡೆಯ ಮೇಲಿದ್ದ ಪುಡಿಗೆ. ಗೋಡೆಗೂ ಬಣ್ಣಕ್ಕೂ ನಡುವೆ ಇರಬೇಕಾಗಿದ್ದ ಪದರವೇ ಅಲ್ಲಿಲ್ಲ.

ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, ಹುಟ್ಟುತ್ತದೆ. ಹಾಗಾಗಿ ಹೊಸ ಗಾರೆಯ ಪಿಎಚ್ 12ಕ್ಕಿಂತ ಹೆಚ್ಚಿರುತ್ತದೆ. ಇಂಥ ಕ್ಷಾರದ ಮೇಲೆ ಎಣ್ಣೆ ಬಣ್ಣ ಬಳಿದರೆ, ತೇವ ಸಿಕ್ಕಲ್ಲೆಲ್ಲ ಅದರಲ್ಲಿನ ಎಣ್ಣೆ ಸಾಬೂನಾಗುತ್ತದೆ. ಬಣ್ಣ ಮೆತ್ತಗಾಗಿ, ಅಂಟಂಟಾಗಿ ಕಳಚಿಕೊಳ್ಳುತ್ತದೆ. ಗಾರೆಗೆ ನೀರು ಹೊಡೆದ ಮೇಲೆ ವಾರಗಟ್ಟಲೆ ಒಣಗಲು ಬಿಡುವುದು, ಕ್ಷಾರ ತಾಳಬಲ್ಲ ಪ್ರೈಮರ್, ಅಂದರೆ ತಳದ ಪದರ, ಹಚ್ಚುವುದು ಇದೇ ಕಾರಣಕ್ಕೆ.

ಎಮಲ್ಷನ್ ಬಣ್ಣದ ಕಷ್ಟ ಬೇರೆ. ಅದು ನೀರಿನಲ್ಲಿ ತೇಲುವ ಅತಿಸಣ್ಣ ಪ್ಲಾಸ್ಟಿಕ್ ಗೋಲಿಗಳ ರಾಶಿ. ನೀರು ನಿಧಾನವಾಗಿ ಆರಿದರೆ ಗೋಲಿಗಳು ಒತ್ತೊತ್ತಾಗಿ ಬಂದು, ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಒಣ ಗಾರೆಯ ಸಣ್ಣ ರಂಧ್ರಗಳು ಆ ನೀರನ್ನು ಗಟಗಟನೆ ಹೀರಿಬಿಟ್ಟರೆ ಬೆಸೆಯಲು ಸಮಯವೇ ಸಿಗುವುದಿಲ್ಲ. ಅಂಗೈ ಸವರಿದರೆ ಬಣ್ಣ ಕೈಗೇ ಬರುತ್ತದೆ. ಪ್ರೈಮರಿನ ಅಂಟು ಮೊದಲೇ ರಂಧ್ರಗಳೊಳಗೆ ಇಳಿದು ಈ ದಾಹವನ್ನು ತಗ್ಗಿಸುತ್ತದೆ, ಸಡಿಲ ಕಣಗಳನ್ನು ಬಿಗಿಯುತ್ತದೆ. ಉಳಿದ ಬಣ್ಣಕ್ಕೆ ನೀರು ಬೆರೆಸಿ ಮೊದಲ ಕೈ ಹೊಡೆಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ನೀರು ಹೆಚ್ಚಿದಷ್ಟೂ ಹಿಡಿದಿಡುವ ಅಂಟು ತೆಳುವಾಗುತ್ತದೆ. ಪ್ರೈಮರ್ ಎಂಬುದು ಅಗ್ಗದ ಬಣ್ಣವಲ್ಲ, ಬೇರೆಯೇ ಕೆಲಸಕ್ಕೆಂದು ಮಾಡಿದ ಬೇರೆ ವಸ್ತು.

ಗಾರೆಯಲ್ಲೂ ಮೊದಲ ಪದರದ್ದೇ ಭಾರ. ಹೊರಗೋಡೆಗೆ ಸಾಮಾನ್ಯವಾಗಿ ಎರಡು ಪದರ: ಕೆಳಗೆ 12ರಿಂದ 15 ಮಿಲಿಮೀಟರ್, ಮೇಲೆ ಅದರ ಅರ್ಧದಷ್ಟು. ಕೆಳಗಿನದು ಹಸಿಯಿರುವಾಗಲೇ ಮೇಸ್ತ್ರಿ ಕರಣೆಯ ಮೊನೆಯಿಂದ ಅಡ್ಡಾದಿಡ್ಡಿ ಗೀರು ಎಳೆಯುತ್ತಾರೆ. ನೋಡಲು ಕೆಲಸ ಕೆಡಿಸಿದ ಹಾಗಿರುತ್ತದೆ, ಆದರೆ ಮೇಲಿನ ಗಾರೆ ಕಚ್ಚಿಕೊಳ್ಳುವುದು ಆ ಗೀರುಗಳನ್ನೇ. ಮೇಲಿನ ಪದರದಲ್ಲಿ ಸಿಮೆಂಟು ಕೆಳಗಿನದಕ್ಕಿಂತ ಹೆಚ್ಚಿರಬಾರದು ಎಂಬ ಕಟ್ಟುಪಾಡೂ ಉಂಟು. ಒಣಗುತ್ತ ಎಲ್ಲ ಗಾರೆಯೂ ಕುಗ್ಗುತ್ತದೆ; ಮೇಲಿನದು ಹೆಚ್ಚು ಗಟ್ಟಿಯಾಗಿದ್ದರೆ ಕುಗ್ಗುವ ಭರದಲ್ಲಿ ದುರ್ಬಲ ಬುಡವನ್ನೂ ಕಿತ್ತುಕೊಂಡೇ ಬರುತ್ತದೆ.

ಹಾಗೆಂದು ತಳದ ಪದರ ಎಲ್ಲವನ್ನೂ ತಡೆಯುತ್ತದೆ ಎಂದಲ್ಲ. ಲಿಯೊನಾರ್ಡೊ ಡಾ ವಿಂಚಿ ಮಿಲಾನಿನ ಸಾಂತಾ ಮರಿಯಾ ದೆಲ್ಲೆ ಗ್ರಾಟ್ಸಿಯೆ ಮಠದ ಊಟದ ಮನೆಯಲ್ಲಿ 'ಕೊನೆಯ ಭೋಜನ'ವನ್ನು ಬರೆದದ್ದು 1490ರ ದಶಕದಲ್ಲಿ. ಹಸಿ ಸುಣ್ಣದ ಗಾರೆಯ ಮೇಲೆ ಬರೆಯುವ ರೂಢಿ ಬಿಟ್ಟು, ಒಣ ಗೋಡೆಗೆ ತಳ ಹಚ್ಚಿ, ಸೀಸದ ಬಿಳುಪು ಬಳಿದು ಆತ ಕೆಲಸ ಮಾಡಿದ. ಗೋಡೆಯ ತೇವ ಬೆನ್ನಿಂದ ಬಂತು. ಚಿತ್ರ ಆತ ಬದುಕಿರುವಾಗಲೇ ಉದುರತೊಡಗಿತು. ನಮ್ಮ ಮನೆಗಳಲ್ಲೂ ಅಷ್ಟೇ: ಪೈಪು ಸೋರುವ ಗೋಡೆಗೆ ಎಷ್ಟು ಪ್ರೈಮರ್ ಹಚ್ಚಿದರೂ ವ್ಯರ್ಥ, ಮೊದಲು ಸೋರಿಕೆ ನಿಲ್ಲಬೇಕು.

ತಳದ ಪದರದ ಇದೇ ಕಥೆ ಬಣ್ಣ ಹಚ್ಚುವ ಉಗುರಿನಲ್ಲೂ ಉಂಟು. ಕೆರಟಿನ್ ಪದರಗಳ ಈ ಹಲಗೆ ಪಾತ್ರೆ ತೊಳೆದಾಗಲೆಲ್ಲ ನೀರು ಹೀರಿ ಮೆತ್ತಗಾಗುತ್ತದೆ, ಬಾಗುತ್ತದೆ, ಮತ್ತೆ ಒಣಗುತ್ತದೆ. ನೇಲ್ ಪಾಲಿಶ್‌ನ ನೈಟ್ರೊಸೆಲ್ಯುಲೋಸ್ ಪೊರೆ ಗಡುಸು. ಉಗುರಿನ ಜೊತೆ ಬಾಗಲಾರದೆ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಅಂಟುವ ರಾಳ ಹೆಚ್ಚಿರುವ ಬೇಸ್ ಕೋಟ್ ನಡುವೆ ನಿಂತು ಎರಡನ್ನೂ ಹಿಡಿಯುತ್ತದೆ. ಹಚ್ಚುವ ಮೊದಲು ರಿಮೂವರ್‌ನಿಂದ ಒರೆಸಿ ಎಣ್ಣೆಯ ಪಸೆ ತೆಗೆಯಬೇಕು, ಇಲ್ಲದಿದ್ದರೆ ಅದೂ ಹಿಡಿಯದು. ಕಡು ಕೆಂಪು ಬಣ್ಣಗಳು ನೇರವಾಗಿ ಉಗುರಿಗಿಳಿದು ಹಳದಿ ಕಲೆ ಬಿಡುವುದನ್ನೂ ಬೇಸ್ ಕೋಟ್ ಬಹುಮಟ್ಟಿಗೆ ತಡೆಯುತ್ತದೆ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ; ಆಳಕ್ಕಿಳಿದ ಕಲೆ ಪೂರ್ತಿ ಹೋಗಬೇಕಾದರೆ ಉಗುರು ಬುಡದಿಂದ ಹೊಸದಾಗಿ ಬರುವವರೆಗೆ, ಹೆಚ್ಚುಕಡಿಮೆ ಆರು ತಿಂಗಳು ಕಾಯಬೇಕು.