ಚೀಟಿ ಮುಚ್ಚಿದ ಸೀಸೆ: ಸಿಂಗಲ್ ಮಾಲ್ಟ್ ಆಸ್ವಾದನ ಕೂಟಗಳತ್ತ ಒಂದು ನೋಟ

1970ರ ದಶಕದ ಕೊನೆಯಲ್ಲಿ ಎಡಿನ್‌ಬರೋ ನಗರದ ಪಿಪ್ ಹಿಲ್ಸ್ ಎಂಬುವರು ಕೆಲವು ಸ್ನೇಹಿತರೊಡನೆ ಹಣ ಕೂಡಿಸಿ, ಗ್ಲೆನ್‌ಫಾರ್ಕ್ಲಸ್ ಡಿಸ್ಟಿಲರಿಯಿಂದ ಒಂದು ಇಡೀ ಪೀಪಾಯಿ ವಿಸ್ಕಿಯನ್ನು ಖರೀದಿಸಿ ಹಂಚಿಕೊಂಡರು. ಪಾಲು ಕೇಳುವವರು ಹೆಚ್ಚುತ್ತ ಹೋಗಿ, 1983ರಲ್ಲಿ ಲೀತ್ ಬಂದರಿನ ಹಳೆಯ ದ್ರಾಕ್ಷಾರಸದ ಉಗ್ರಾಣದಲ್ಲಿ ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿ ಸ್ಥಾಪನೆಯಾಯಿತು. ಪಾಲುಗಾರಿಕೆಯಿಂದ ಹುಟ್ಟಿದ ಈ ಕೂಟದ ಮಾತೃಸಂಸ್ಥೆಯು 2021ರಲ್ಲಿ ಲಂಡನ್ ಷೇರುಪೇಟೆಯ ಕಿರಿಯ ವಿಭಾಗವನ್ನು ಪ್ರವೇಶಿಸಿತು.

ಈ ಸೊಸೈಟಿಯ ಸೀಸೆಯ ಚೀಟಿಯ ಮೇಲೆ ಡಿಸ್ಟಿಲರಿಯ ಹೆಸರು ಇರುವುದಿಲ್ಲ. ಎರಡು ಸಂಖ್ಯೆಗಳು ಮಾತ್ರ ಇರುತ್ತವೆ. ಮೊದಲನೆಯದು ಡಿಸ್ಟಿಲರಿಯನ್ನೂ ಎರಡನೆಯದು ಪೀಪಾಯಿಯನ್ನೂ ಸೂಚಿಸುತ್ತದೆ. ಹೆಸರಿಗೆ ಮಾರುಹೋಗಿ ರುಚಿ ನೋಡುವ ದೌರ್ಬಲ್ಯಕ್ಕೆ ಇದು ಒಳ್ಳೆಯ ಮದ್ದು. ಬೇರೆ ಅನೇಕ ಕೂಟಗಳಲ್ಲಿ ಸೀಸೆಗೆ ಕಾಗದ ಸುತ್ತಿಡುವ ಪದ್ಧತಿಯೂ ಉಂಟು.

ಇಂಥ ಕೂಟದಲ್ಲಿ ಕುಡಿಯುವುದಕ್ಕಿಂತ ಮೂಸುವುದೇ ಹೆಚ್ಚು. ಬಾಯಿ ಕಿರಿದಾದ ಲೋಟದಲ್ಲಿ 20–25 ಮಿಲಿಲೀಟರ್ ಬಡಿಸಲಾಗುತ್ತದೆ. ಮೊದಲು ಬಣ್ಣ, ಅನಂತರ ಪರಿಮಳ, ಬಳಿಕ ಒಂದು ಸಣ್ಣ ಗುಟುಕು. ಪೀಪಾಯಿಯಿಂದ ನೇರವಾಗಿ ತುಂಬಿದ ವಿಸ್ಕಿಯಲ್ಲಿ ಮದ್ಯಸಾರದ ಅಂಶ ಶೇ. 55ನ್ನು ಮೀರಿರುವುದು ಸಾಮಾನ್ಯ. ಅದರ ಖಾರ ಮೂಗನ್ನು ಮರಗಟ್ಟಿಸುತ್ತದೆ. ಆದ್ದರಿಂದ ಕೆಲವು ಹನಿ ನೀರು ಬೆರೆಸಿ ಮತ್ತೊಮ್ಮೆ ಮೂಸುತ್ತಾರೆ. ಒಬ್ಬರಿಗೆ ಒಣದ್ರಾಕ್ಷಿ, ಇನ್ನೊಬ್ಬರಿಗೆ ಬೆಲ್ಲದ ಪಾಕ, ಮತ್ತೊಬ್ಬರಿಗೆ ಸೌದೆ ಒಲೆಯ ಹೊಗೆ ನೆನಪಾಗುತ್ತದೆ. ವಾದ ಇಲ್ಲಿಂದಲೇ ಆರಂಭ. ಕೂಟದ ಸೊಗಸೂ ಇದೇ. ಮಸಾಲೆ ಕಡಲೆಬೀಜ ಮತ್ತು ಸೋಡಾಗಳಿಗೆ ಮಾತ್ರ ಇಲ್ಲಿ ಸ್ಥಾನವಿಲ್ಲ.

ಚೀಟಿ ಮುಚ್ಚುವ ಈ ಪದ್ಧತಿಯಿಂದ ಬೆಂಗಳೂರಿನ ಉದ್ಯಮವೊಂದಕ್ಕೆ ದೊಡ್ಡ ಉಪಕಾರವಾಯಿತು. 1948ರಲ್ಲಿ ಸ್ಥಾಪಿತವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು ವಿದೇಶಕ್ಕೆ ಕಳುಹಿಸಲು ಯೋಚಿಸಿದಾಗ, ಭಾರತದ ವಿಸ್ಕಿ ಎಂದರೆ ಕಾಕಂಬಿಯ ಮದ್ಯ ಎಂಬ ಭಾವನೆ ಯುರೋಪಿನಲ್ಲಿ ಬೇರೂರಿತ್ತು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಗ್ಲ್ಯಾಸ್ಗೋದಲ್ಲಿ ಹೆಸರು ತಿಳಿಸದೆ ರುಚಿ ತೋರಿಸಿದಾಗ ಬಲ್ಲವರೇ ಅದನ್ನು ಸ್ಕಾಟ್ಲೆಂಡಿನದೆಂದು ಭಾವಿಸಿದರು. 2004ರ ಆಗಸ್ಟ್‌ನಲ್ಲಿ ಅದೇ ನಗರದಲ್ಲಿ ಮಾರಾಟ ಆರಂಭವಾಯಿತು. ಜಿಮ್ ಮರ್ರೆ ಅವರ 2010ರ ವಿಸ್ಕಿ ಬೈಬಲ್ ‘ಅಮೃತ್ ಫ್ಯೂಷನ್’ಗೆ ಜಗತ್ತಿನಲ್ಲಿ ಮೂರನೆಯ ಸ್ಥಾನ ನೀಡಿತು.

ಇದರ ಹಿಂದಿನ ಲೆಕ್ಕ ಕಠಿಣವಾದುದು. ಪೀಪಾಯಿಯಲ್ಲಿ ಹದಗೊಳ್ಳುವಾಗ ಆವಿಯಾಗುವ ಭಾಗವನ್ನು ಸ್ಕಾಟರು ‘ದೇವದೂತರ ಪಾಲು’ ಎನ್ನುತ್ತಾರೆ. ಅಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನ ಹವೆಯಲ್ಲಿ ಶೇ. 10ರಿಂದ 12. 250 ಲೀಟರಿನ ಪೀಪಾಯಿಯನ್ನು 12 ವರ್ಷ ಇರಿಸಿದರೆ, ಶೇ. 2ರ ದರದಲ್ಲಿ ಸುಮಾರು 196 ಲೀಟರ್ ಉಳಿಯುತ್ತದೆ, ಶೇ. 11ರ ದರದಲ್ಲಿ ಕೇವಲ 62. ಬಡ್ಡಿ ಬೆಳೆಯುತ್ತ ದಾಸ್ತಾನು ಕರಗುವ ಇಂಥ ವ್ಯಾಪಾರ ಯಾವ ವರ್ತಕನಿಗೂ ಬೇಡ! ಆದರೆ ಅದೇ ಉಷ್ಣತೆಯಿಂದ ವಿಸ್ಕಿ ಬೇಗ ಹದಗೊಳ್ಳುತ್ತದೆ. ಹೀಗಾಗಿ ಇಲ್ಲಿನ ಸೀಸೆಗಳ ಮೇಲೆ 12 ಅಥವಾ 18 ವರ್ಷವೆಂಬ ಗೌರವದ ಅಂಕಿ ವಿರಳ. ಅಂಗಡಿಯಲ್ಲಿ ಅಂಕಿ ನೋಡಿ ಕೊಳ್ಳುವ ಗ್ರಾಹಕ ಅದನ್ನು ಕೊರತೆ ಎನ್ನಬಹುದು. ಚೀಟಿ ಕಾಣದ ಮೇಜಿನಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದ ಪ್ರಕಾರ, ಸ್ಕಾಚ್ ಮೇಲಿನ ಶೇ. 150ರ ಆಮದು ಸುಂಕ ಮೊದಲು ಶೇ. 75ಕ್ಕೆ, ಹತ್ತು ವರ್ಷಗಳಲ್ಲಿ ಶೇ. 40ಕ್ಕೆ ಇಳಿಯಬೇಕು. ರಾಜ್ಯದ ಅಬಕಾರಿ ಸುಂಕದ ಮಾತು ಬೇರೆ. ಸುಂಕ ಇಳಿದಂತೆ ಸ್ಪೇಸೈಡಿನ ಸೀಸೆಯನ್ನೂ ಬೆಂಗಳೂರಿನ ಸೀಸೆಯನ್ನೂ ಕಾಗದ ಸುತ್ತಿ ಒಂದೇ ಮೇಜಿನ ಮೇಲಿಡಲು ಇಲ್ಲಿನ ಕೂಟಗಳಿಗೆ ತಗಲುವ ವೆಚ್ಚ ಕಡಿಮೆಯಾಗಲಿದೆ.